ಒನಕೆ ಬಿದ್ದ ಹೊತ್ತು

ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋಗುವ ಬಸ್ಸಿನಲ್ಲಿ ಕೂತು, ಕಬ್ಬಿನ ಗದ್ದೆಗಳು ಮುಗಿದು ನಾಲೆಯ ಏರಿ ಕಾಣಿಸಿದ ಕೂಡಲೇ ಇಳಿದುಬಿಟ್ಟರೆ ಕಲ್ಲುಮಂಟಿಕೊಪ್ಪಲು. ಆ ಊರಿನಲ್ಲಿ ಚಾಮುಂಡಮ್ಮ ಎಂಬ ಹೆಸರಿನವರು ನಾಲ್ಕು ಜನ. ಒಬ್ಬಳು ಹಾಲಿನ ಚಾಮುಂಡಮ್ಮ, ಒಬ್ಬಳು ಮೂಲೆಮನೆ ಚಾಮುಂಡಮ್ಮ, ಇನ್ನೊಬ್ಬಳ ಅಡ್ಡಹೆಸರು ಹೇಳಿದರೆ ಜಗಳಕ್ಕೇ ಬರುತ್ತಾಳೆ, ಬೇಡ ಬಿಡಿ. ನಾಲ್ಕನೆಯವಳು ಒನಕೆ ಚಾಮುಂಡಮ್ಮ. ಈ ಕತೆ ಅವಳದು.

ಗ್ರಹಣ ಹಿಡಿದಾಗ ತಣಿಗೆ ಎಂಬ ಅಗಲ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ತುಂಬಿ, ಅದರ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸುವುದು ಆ ಕಡೆಯ ಪದ್ಧತಿ. ಗ್ರಹಣ ಇರುವಷ್ಟು ಹೊತ್ತೂ ಒನಕೆ ಯಾರ ಆಸರೆಯೂ ಇಲ್ಲದೆ ನಿಂತಿರುತ್ತದೆ, ಗ್ರಹಣ ಬಿಟ್ಟ ಗಳಿಗೆಯಲ್ಲಿ ತಾನಾಗಿ ಬೀಳುತ್ತದೆ ಎಂದು ನಂಬಿಕೆ. ಒನಕೆ ನಿಂತಿರುವಾಗ ಊರಿನಲ್ಲಿ ಯಾರೂ ಬಾಯಿಗೆ ಹನಿ ನೀರು ಬಿಡುವಂತಿಲ್ಲ. ಅದು ಬಿದ್ದಿತೋ, ತಲೆಗೆ ನೀರು ಹಾಕಿಕೊಂಡು ಒಲೆ ಹಚ್ಚುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತರ ದೊಡ್ಡ ಗ್ರಹಣದಲ್ಲಿ ಅತ್ತೆಯ ಕೈ ನಡುಗಿತು ಅಂತ ಸೊಸೆ ಚಾಮುಂಡಮ್ಮ ಒನಕೆ ಹಿಡಿದಳು. ಅಂದಿನಿಂದ ಮೂವತ್ತು ವರ್ಷ ಅವಳು ನಿಲ್ಲಿಸಿದ ಒನಕೆ ಹೊತ್ತಿಗೆ ಮುಂಚೆ ಬಿದ್ದದ್ದಿಲ್ಲ, ಹೊತ್ತು ಮೀರಿ ನಿಂತದ್ದಿಲ್ಲ. ಮಳೆಗಾಲದ ಮೋಡದಲ್ಲಿ ಸೂರ್ಯನೇ ಕಾಣದ ದಿನವೂ ಅವಳ ಒನಕೆ ಕರಾರುವಾಕ್ಕಾಗಿ ಬೀಳುತ್ತಿತ್ತು. ಆಮೇಲೆ ರೇಡಿಯೋದವರು ಗ್ರಹಣ ಬಿಟ್ಟ ಹೊತ್ತು ಹೇಳಿದರೆ ಊರಿನವರು, 'ನಮ್ಮ ಚಾಮುಂಡಿ ಆಗ್ಲೇ ಯೋಳುದ್ಲು ಬುಡು' ಎಂದು ನಗುತ್ತಿದ್ದರು.

ಗುಟ್ಟು ಏನೆಂದರೆ, ಒನಕೆ ಯಾವತ್ತು ಬೇಕಾದರೂ ನಿಲ್ಲುತ್ತದೆ. ಅದರ ಬುಡ ಚಪ್ಪಟೆಯಾಗಿರಬೇಕು, ತಣಿಗೆ ಮಟ್ಟಸವಾಗಿರಬೇಕು, ನಿಲ್ಲಿಸುವವಳಿಗೆ ತಾಳ್ಮೆ ಇರಬೇಕು, ಅಷ್ಟೇ. ಇದನ್ನು ಅತ್ತೆಯೇ ಸೊಸೆಯ ಕಿವಿಯಲ್ಲಿ ಹೇಳಿ ಸತ್ತಿದ್ದಳು. ಬೀಳಿಸುವುದು ಇನ್ನೂ ಸುಲಭ. ಸೀರೆ ನೆರಿಗೆಯ ಮರೆಯಲ್ಲಿ ಕಾಲ ಹೆಬ್ಬೆರಳಿನಿಂದ ತಣಿಗೆಯ ಅಂಚನ್ನು ಒಂದು ಸಲ ಮುಟ್ಟಿದರೆ ಸಾಕು. ಇನ್ನು ಹೊತ್ತು? ಅದು ಕೆ.ಆರ್. ನಗರದ ಪೇಟೆಯಲ್ಲಿ ಎಣ್ಣೆ ಅಂಗಡಿ ಇಟ್ಟಿದ್ದ ಶಿವನಂಜಪ್ಪನವರ ಪಂಚಾಂಗದಿಂದ ಬರುತ್ತಿತ್ತು. ಪ್ರತಿ ಯುಗಾದಿ ಕಳೆದ ಮೇಲೆ ಹರಳೆಣ್ಣೆ ತರುವ ನೆಪದಲ್ಲಿ ಹೋಗಿ, ಈ ವರ್ಷ ಎಷ್ಟು ಗ್ರಹಣ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಕೇಳಿಕೊಂಡು ಬರುತ್ತಿದ್ದಳು. ಓದು ಬರಹ ಬಾರದಿದ್ದರೂ ಗಡಿಯಾರ ನೋಡಲು ಬರುತ್ತಿತ್ತು. ಗಂಡ ಸಣ್ಣಬೀರಯ್ಯ ಬಿಟ್ಟುಹೋದ ಕೈಗಡಿಯಾರ ಅವಳ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಸದಾ ಟಿಕ್ ಟಿಕ್ ಅನ್ನುತ್ತಿತ್ತು. ಇಷ್ಟೆಲ್ಲ ಇದ್ದರೂ ಅವಳನ್ನು ಮೋಸಗಾತಿ ಎನ್ನಬೇಡಿ. ಒನಕೆಯ ವಿಷಯ ಗೊತ್ತಿದ್ದವಳಿಗೆ ಗ್ರಹಣದ ಭಯ ಮಾತ್ರ ಊರಿನವರಷ್ಟೇ ಇತ್ತು. ಗ್ರಹಣದಲ್ಲಿ ಬಸುರಿ ಉಂಡರೆ ಮಗುವಿಗೆ ಕೇಡು ಎಂಬುದನ್ನು ಅವಳೂ ನಂಬಿದ್ದಳು.

ಆ ಭಯವೇ ಈ ಸಲ ಮನೆಯೊಳಗೆ ಬಂದು ಕೂತಿತ್ತು.

ಮಗ ಚಲುವರಾಜುವಿಗೆ ಹುಣಸೂರಿನ ಹುಡುಗಿ ಮೀನಾಳನ್ನು ತಂದು ಆರು ವರ್ಷವಾಗಿತ್ತು. ಆರು ವರ್ಷಕ್ಕೆ ಮೊದಲ ಬಸಿರು. ಏಳು ತಿಂಗಳಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಡಾಕ್ಟರಮ್ಮ ದಿನಾ ಬೆಳಗ್ಗೆ ಸೂಜಿ ಹಾಕಿಕೊಳ್ಳಲು ಹೇಳಿದ್ದರು. 'ಸೂಜಿ ಹಾಕ್ಕೊಂಡ್ ಮೇಲೆ ಎರಡು ಗಂಟೆಗೊಂದ್ಸಲ ಏನಾದ್ರೂ ತಿನ್ಲೇಬೇಕು. ಹೊಟ್ಟೆ ಖಾಲಿ ಬಿಟ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ' ಎಂದು ಚಾಮುಂಡಮ್ಮನ ಮುಖ ನೋಡಿಯೇ ಹೇಳಿದ್ದರು. ಹೀಗಿರುವಾಗ ಸಂಕ್ರಾಂತಿಯ ಮಾರನೇ ದಿನ, ಎರಡು ಸಾವಿರದ ಹತ್ತನೇ ಇಸವಿಯ ಜನವರಿ ಹದಿನೈದು ಶುಕ್ರವಾರ, ಕಂಕಣ ಸೂರ್ಯಗ್ರಹಣ ಎಂದು ಟಿ.ವಿ.ಯವರು ಬಡಕೊಳ್ಳತೊಡಗಿದರು. ಒಂದು ಚಾನೆಲ್ಲು ಒಂದು ಹೊತ್ತು ಹೇಳಿದರೆ ಇನ್ನೊಂದು ಇನ್ನೊಂದು. ಶಿವನಂಜಪ್ಪನವರು ಹಿಂದಿನ ಮಳೆಗಾಲದಲ್ಲೇ ಶಿವನ ಪಾದ ಸೇರಿದ್ದರು. ಕೇಳುವುದು ಯಾರನ್ನು?

ಕೊನೆಗೆ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಅವಳು ಶಾಲೆಗೆ ಹೋದಳು. ಅಲ್ಲಿಯ ಧರ್ಮೇಂದ್ರ ಮೇಷ್ಟ್ರು ಪಿರಿಯಾಪಟ್ಟಣದ ಕಡೆಯವರು, ಸಣ್ಣ ವಯಸ್ಸು. ಒನಕೆ ಗಿನಕೆ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಹೇಳಿಕೊಟ್ಟು ಊರಿನವರ ಕೈಲಿ ಬೈಸಿಕೊಂಡಿದ್ದರು. ಅವರ ಹತ್ತಿರ ಹೋಗುವುದೆಂದರೆ ಚಾಮುಂಡಮ್ಮನಿಗೆ ಹಾಗಲಕಾಯಿ ಅಗಿದ ಹಾಗೆ.

"ಮೇಷ್ಟ್ರೇ, ಹಬ್ಬದ ಎಳ್ಳುಬೆಲ್ಲ ನಿಮ್ಗೆ ಮೊದಲೇ ಕೊಟ್ಬುಡಣಾ ಅಂತ ಬಂದೆ" ಎಂದು ಪೊಟ್ಟಣ ಮುಂದಿಟ್ಟಳು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ಅದೇನೋ ಗ್ರಾಣ ಅಂತಲ್ಲಾ, ಎಷ್ಟು ಗಂಟಿಗಂತೆ?" ಎಂದಳು.

ಮೇಷ್ಟ್ರಿಗೆ ಎಲ್ಲಾ ಅರ್ಥವಾಯಿತು. ಆದರೂ ನಗಲಿಲ್ಲ, ಅದು ಅವರ ದೊಡ್ಡತನ. "ನಮ್ಮ ಕಡೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಶುರು. ಒಂದೂಕಾಲಿನ ಸುಮಾರಿಗೆ ಜೋರು. ಬಿಡೋದು ಮೂರು ಗಂಟೆ ದಾಟಿದ ಮೇಲೆ" ಎಂದರು.

"ನಾಕು ಗಂಟೆ ಹೊತ್ತಾ! ಸಿವನೇ" ಎಂದು ಚಾಮುಂಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಒನಕೆ ಅಷ್ಟು ಹೊತ್ತು ನಿಂತೀತೇ ಎಂಬ ಚಿಂತೆ ಆಮೇಲೆ ಬಂತು. ಮೊದಲು ಬಂದದ್ದು ಮೀನಾಳ ಮುಖ.

"ಮುಂಚೇನೇ ಇಷ್ಟು ಕರೆಕ್ಟಾಗಿ ಯೆಂಗ್ ಗೊತ್ತಾಯ್ತದೆ ನಿಮ್ಗೆ?"

ಮೇಷ್ಟ್ರಿಗೆ ಇಂಥ ಪ್ರಶ್ನೆ ಕೇಳುವವರು ಸಿಕ್ಕಿದ್ದೇ ಹಬ್ಬ. ಬಲ್ಬು ಹಾಕಿ, ಒಂದು ನಿಂಬೆಹಣ್ಣು ತಂದು ಅವಳ ಕೈಗೆ ಕೊಟ್ಟರು. ಒಂದು ಕಣ್ಣು ಮುಚ್ಚಿ ಹಣ್ಣನ್ನು ಕಣ್ಣಿನ ಹತ್ತಿರ ಹಿಡಿದರೆ ಬಲ್ಬು ಪೂರ್ತಿ ಮರೆಯಾಯಿತು. ಕೈ ಚಾಚಿ ದೂರ ಹಿಡಿದರೆ ಹಣ್ಣಿನ ಸುತ್ತ ಬೆಳಕಿನ ಅಂಚು ಉಳಿಯಿತು. "ಚಂದ್ರ ಈ ಸಲ ನಮ್ಮಿಂದ ದೂರ ಇದ್ದಾನೆ. ಅದಕ್ಕೇ ಸೂರ್ಯನ್ನ ಪೂರ್ತಿ ಮುಚ್ಚಕ್ಕಾಗಲ್ಲ. ಬಳೆ ಥರ ಅಂಚು ಉಳೀತದೆ, ಅದೇ ಕಂಕಣ. ಚಂದ್ರ ಯಾವ ದಾರೀಲಿ, ಎಷ್ಟು ಬಿರುಸಾಗಿ ಹೋಗ್ತಾನೆ ಅಂತ ಲೆಕ್ಕ ಗೊತ್ತಿದ್ರೆ ಯಾವಾಗ ಅನ್ನೋದು ಹೇಳ್ಬೋದು. ಎಲ್ಲಿ ಅನ್ನೋದೇ ಕಷ್ಟ." ಹೀಗೆಂದು ಗ್ಲೋಬಿನ ಮೇಲೆ ಸೀಮೆಸುಣ್ಣದಿಂದ ಒಂದು ಪಟ್ಟಿ ಎಳೆದರು. ಆಫ್ರಿಕಾದಿಂದ ಹೊರಟ ಪಟ್ಟಿ ಸಮುದ್ರ ದಾಟಿ, ಕನ್ಯಾಕುಮಾರಿ, ರಾಮೇಶ್ವರ ಸವರಿಕೊಂಡು ಬರ್ಮಾದ ಕಡೆ ಹೋಯಿತು. "ಈ ಪಟ್ಟಿ ಒಳಗಿದ್ದೋರಿಗೆ ಬಳೆ. ನಾವು ಪಟ್ಟಿಯಿಂದ ಆಚೆ. ನಮಗೆ ಕಾಣೋದು ಕಚ್ಚಿಬಿಟ್ಟ ರೊಟ್ಟಿ ಥರ ಸೂರ್ಯ ಅಷ್ಟೇ. ಹದಿನೆಂಟು ವರ್ಷ ಹನ್ನೊಂದು ದಿನ ಎಂಟು ಗಂಟೆಗೆ ಇದೇ ಗ್ರಹಣ ಮತ್ತೆ ಬತ್ತದೆ. ಆ ಎಂಟು ಗಂಟೆ ಇದೆಯಲ್ಲ, ಅದೇ ತರಲೆ. ಅಷ್ಟರಲ್ಲಿ ಭೂಮಿ ಮೂರನೇ ಒಂದು ಭಾಗ ತಿರುಗಿಬಿಟ್ಟಿರ್ತದೆ, ನೆರಳು ಬೇರೆಯವರ ಮೇಲೆ ಬೀಳ್ತದೆ. ತೊಂಬತ್ತೆರಡನೇ ಇಸವೀಲಿ ಇದು ಅಮೆರಿಕದ ಈಚೆ ಸಮುದ್ರದ ಮೇಲೆ ಬಿತ್ತು. ನಮಗೆ ಆಗ ರಾತ್ರಿ."

ಚಾಮುಂಡಮ್ಮ ಪಟ್ಟಿಯನ್ನೇ ನೋಡುತ್ತಿದ್ದಳು. "ಅಂಗಾದ್ರೆ ಅವತ್ತು ಅಲ್ಲಿ ಯಾವಳು ಒನಕೆ ನಿಲ್ಸುದ್ಲು?"

"ಸಮುದ್ರದ ಮೇಲೆ ಎಲ್ಲಿ ನಿಲ್ಲಿಸ್ತಾರೆ ಅವ್ವಾ? ಒನಕೆ ಇಲ್ದೇನೇ ಶುರುವಾಯ್ತು, ಒನಕೆ ಇಲ್ದೇನೇ ಬಿಡ್ತು" ಎಂದು ಮೇಷ್ಟ್ರು ನಕ್ಕರು. ಬಾಗಿಲವರೆಗೂ ಬಂದು ಮೆಲ್ಲಗೆ, "ಮೀನಮ್ಮನ್ನ ಉಪವಾಸ ಕೆಡವಬೇಡಿ" ಎಂದರು. ಅವಳು ಹೊರಟುಬಂದಳು.

ಗ್ರಹಣದ ದಿನ ಬೆಳಗ್ಗೆ ಮೀನಾ ಸೂಜಿ ಹಾಕಿಕೊಂಡು, ಹತ್ತೂವರೆಗೆ ಎರಡು ರೊಟ್ಟಿ ತಿಂದಳು. ಮೂರು ಗಂಟೆವರೆಗೆ ತಡೆಯುತ್ತದೆ ಎಂದು ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಮೀನಾಳ ಗಂಡ ಮನೆಯಲ್ಲಿರಲಿಲ್ಲ. ಚಲುವರಾಜು ಟೆಂಪೋ ಡ್ರೈವರು, ಅಯ್ಯಪ್ಪಸ್ವಾಮಿಗಳನ್ನು ಶಬರಿಮಲೆಗೆ ಕರೆದೊಯ್ದಿದ್ದ. ಜ್ಯೋತಿ ಮುಗಿಸಿಕೊಂಡು ಕನ್ಯಾಕುಮಾರಿಗೂ ಹೋಗಿಬರುವ ಬಾಡಿಗೆ ಅದು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಚಾಮುಂಡಮ್ಮ ಜಗುಲಿಯ ಮೇಲೆ ಒನಕೆ ನಿಲ್ಲಿಸಿ ಕೈ ಬಿಟ್ಟಳು. ಹೆಂಗಸರು ಕೈಮುಗಿದು ತಂತಮ್ಮ ಮನೆ ಸೇರಿ ಬಾಗಿಲು ಹಾಕಿಕೊಂಡರು. ಬೀದಿಯಲ್ಲಿ ಹಿಂದಿನ ದಿನದ ರಂಗೋಲಿ ಮಾತ್ರ ಉಳಿಯಿತು.

ಹನ್ನೆರಡೂಕಾಲಾಯಿತು. ಒಳಗಿನಿಂದ ಮೀನಾಳ ಬಳೆ ಸದ್ದು ನಿಂತುಹೋಗಿದ್ದನ್ನು ಚಾಮುಂಡಮ್ಮ ಗಮನಿಸಿದಳು. "ಮೀನಾ?" ಎಂದು ಕೂಗಿದಳು.

"ಊಂ ಅತ್ತೆ. ಒಸಿ ಕೈ ನಡುಗ್ತಾ ಅದೆ ಅಷ್ಟೇಯ. ತಡ್ಕೊತೀನಿ ಬುಡಿ."

ಬಾಗಿಲ ಸಂದಿಯಲ್ಲಿ ನೋಡಿದರೆ ಹುಡುಗಿ ಗೋಡೆಗೆ ಒರಗಿ ಕೂತಿದ್ದಾಳೆ, ಜನವರಿಯ ಚಳಿಯಲ್ಲೂ ಹಣೆಯ ಮೇಲೆ ಬೆವರು. ತಿನ್ನಿಸಿದರೆ ಮಗುವಿಗೆ ಏನಾಗುತ್ತದೋ, ತಿನ್ನಿಸದಿದ್ದರೆ ಏನಾಗುತ್ತದೋ. ಹೋಗಲಿ, ಒನಕೆ ಚಾಮುಂಡಮ್ಮನ ಮನೆಯಲ್ಲೇ ಗ್ರಹಣದ ಹೊತ್ತಲ್ಲಿ ಬಸುರಿ ಉಂಡಳು ಎಂದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಮೂರು ಗಂಟೆಗೆ ಇನ್ನೂ ಎಷ್ಟು ಹೊತ್ತಿದೆ ಎಂದು ಚೀಲದಲ್ಲಿ ಕೈ ಹಾಕಿದಳು.

ಅಷ್ಟರಲ್ಲಿ ಎದುರುಮನೆಯ ಹುಚ್ಚಯ್ಯನ ಕಡಸು ಹಗ್ಗ ಕಿತ್ತುಕೊಂಡಿತು. ಸಂಕ್ರಾಂತಿಗೆಂದು ಅದರ ಎಳೆಗೊಂಬಿಗೆ ಕಟ್ಟಿದ್ದ ಬಲೂನು ಮುಳ್ಳಿಗೆ ತಾಗಿ ಢಬ್ ಎಂದು ಒಡೆದಿತ್ತು. ಬೆದರಿದ ಪ್ರಾಣಿ ಹಬ್ಬದ ಅರಿಶಿನ ಬಳಿದ ಮೈಯಲ್ಲೇ, ಬಾಲ ಎತ್ತಿಕೊಂಡು, ಇನ್ನೆಲ್ಲೂ ದಾರಿಯೇ ಇಲ್ಲವೇನೋ ಎಂಬಂತೆ ಚಾಮುಂಡಮ್ಮನ ಜಗುಲಿ ಹತ್ತಿತು. ತಣಿಗೆ ಒಂದು ಕಡೆ, ನೀರು ಒಂದು ಕಡೆ. ಒನಕೆ ಧಡಾರನೆ ಬಿತ್ತು.

ನೋಡಿದವರು ಯಾರೂ ಇರಲಿಲ್ಲ. ಚಾಮುಂಡಮ್ಮ ಸರಕ್ಕನೆ ಎದ್ದು ಒನಕೆಗೆ ಕೈ ಹಾಕಿದಳು. ಇನ್ನೊಂದು ಗಳಿಗೆಯಲ್ಲಿ ಅದು ಮತ್ತೆ ನಿಂತಿರುತ್ತಿತ್ತು.

"ಬಿತ್ತಾ ಅತ್ತೆ?" ಎಂದು ಒಳಗಿನಿಂದ ಕೇಳಿಸಿತು. ಮೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣಿನಲ್ಲಿದ್ದ ಆಸೆ ನೋಡಿ ಚಾಮುಂಡಮ್ಮನ ಕೈ ಅಲ್ಲೇ ನಿಂತಿತು.

"ಬಿತ್ತು ಕಣವ್ವ" ಎಂದಳು. "ಒಳೀಕ್ ನಡಿ, ಉಣ್ಣು."

ಒನಕೆಯನ್ನು ಬಿದ್ದಲ್ಲೇ ಬಿಟ್ಟು ಒಳಗೆ ಓಡಿದಳು. ಮೊದಲು ಒಂದು ಹಿಡಿ ಎಳ್ಳುಬೆಲ್ಲವನ್ನು ಸೊಸೆಯ ಬಾಯಿಗೆ ತಾನೇ ಹಾಕಿದಳು. ಆಮೇಲೆ ದರ್ಭೆ ಹಾಕಿ ಮುಚ್ಚಿಟ್ಟಿದ್ದ ಅನ್ನ, ಅವರೆಕಾಳು ಸಾರು. ಮೀನಾ ನಾಲ್ಕು ತುತ್ತು ನುಂಗಿದ ಮೇಲೆ ಅವಳ ಕೈ ನಡುಕ ಕಡಿಮೆಯಾಯಿತು. ಚಾಮುಂಡಮ್ಮ ಆಗ ತಟ್ಟೆಯ ಕಡೆ ನೋಡಿದಳು. ಹೆಂಚಿನ ಸಂದಿಯಿಂದ ದಿನಾ ಗುಂಡಗೆ ಬೀಳುತ್ತಿದ್ದ ಬಿಸಿಲಿನ ಚುಕ್ಕಿಗಳು ಇವತ್ತು ಒಂದೊಂದೂ ಎಳೆ ಚಂದ್ರನ ಹಾಗಿದ್ದವು. ನೆಲದ ಮೇಲೆ, ತಟ್ಟೆಯ ಅಂಚಿನ ಮೇಲೆ, ಮೀನಾಳ ಹೊಟ್ಟೆಯ ಮೇಲೂ. ಗ್ರಹಣ ಮನೆಯೊಳಗೇ ಬಂದು ಸೊಸೆಯ ಜೊತೆ ಊಟಕ್ಕೆ ಕೂತಿತ್ತು. ಹುಡುಗಿಗೆ ಬಣ್ಣ ಬರುತ್ತಿತ್ತು.

"ಅಯ್ಯೋ, ಒದೀತಾ ಅದೆ ಅತ್ತೆ" ಎಂದು ಮೀನಾ ಹೊಟ್ಟೆ ಮುಟ್ಟಿಕೊಂಡು ನಕ್ಕಳು.

"ಒದೀಲಿ. ಅಸ್ಕೊಂಡಿತ್ತಲ್ಲ, ಕ್ವಾಪ ಬಂದದೆ" ಎಂದು ಚಾಮುಂಡಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು. ಮೂವತ್ತು ವರ್ಷದ ಭಯ ಅಲ್ಲೇ ನೆಲಕ್ಕಿಳಿದು ಹೋದಂತೆ ಅವಳಿಗೆ ಹಗುರವಾಯಿತು.

ಹೊರಗೆ ಮಾತ್ರ ರಾದ್ಧಾಂತವಾಗಿತ್ತು. ಒನಕೆ ಬಿದ್ದ ಸದ್ದು ಬೀದಿಗೆಲ್ಲಾ ಕೇಳಿತ್ತು. ಟಿ.ವಿ.ಯವರು ಮೂರು ಗಂಟೆ ಅಂದರೇನು, ಚಾಮುಂಡಿಯ ಒನಕೆಗಿಂತ ಟಿ.ವಿ. ದೊಡ್ಡದೇ? ಜನ ದಡಬಡ ಸ್ನಾನ ಮಾಡಿದರು, ಒಲೆ ಹಚ್ಚಿದರು, ಹಸಿದ ಗಂಡಸರು ಮಡಕೆ ಕೆರೆದರು. ಎಲ್ಲರೂ ಅರ್ಧ ಉಂಡಿರುವಾಗ ಬಿಸಿಲು ಏರುವ ಬದಲು ಇಳಿಯತೊಡಗಿತು. ಮಧ್ಯಾಹ್ನ ಒಂದು ಗಂಟೆಗೇ ಕಾವಿಲ್ಲದ ಮಂಕು ಬೆಳಕು, ತಣ್ಣನೆ ಗಾಳಿ. ಹುಚ್ಚಯ್ಯ ಎಂಜಲುಗೈಯಲ್ಲೇ ಓಡಿಬಂದ. ಅವನ ಹಿಂದೆ ಅರ್ಧ ಊರು.

"ಚಾಮುಂಡೀ!" ಎಂದು ತುಂಬಿದ ಬಾಯಲ್ಲೇ ಕೂಗಿದ. "ಒನಕೆ ಬಿತ್ತು ಅಂತ ಮುದ್ದೆ ಮುರುದ್ರೆ, ಮ್ಯಾಲೆ ಸೂರ್ಯ ಇನ್ನೂ ಸಾಯ್ತಾ ಅವ್ನಲ್ಲಮ್ಮೀ! ಏನಿದು ಗಾಚಾರ?"

ಸುಳ್ಳು ಹೇಳಬಹುದಿತ್ತು. ಯಾರೋ ಮೈಲಿಗೆ ಮಾಡಿದರು ಎಂದರೆ ಸಾಕಿತ್ತು, ಊರು ನಂಬುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು. ಆದರೆ ಆಗ ಮೀನಾ ಗ್ರಹಣದಲ್ಲಿ ಉಂಡವಳು ಎಂಬ ಮಾತು ಉಳಿದುಬಿಡುತ್ತಿತ್ತು. ನಾಳೆ ಮಗುವಿಗೆ ಒಂದು ಸೀನು ಬಂದರೂ ಜನ ಅದನ್ನೇ ಆಡುತ್ತಿದ್ದರು. ಚಾಮುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗುಲಿಯ ಅಂಚಿಗೆ ಬಂದಳು.

"ಗಾಚಾರ ಅಲ್ಲ ಉಚ್ಚಯ್ಯಣ್ಣ, ನಿನ್ ಕಡಸು. ಅದು ಬಂದು ಗುದ್ತು, ಒನಕೆ ಬಿತ್ತು. ಒನಕೆಗೇನ್ ಗೊತ್ತು ಗ್ರಾಣ? ನಾನ್ ನಿಲ್ಸುದ್ರೆ ನಿಲ್ತದೆ, ನಾನ್ ಬೀಳ್ಸುದ್ರೆ ಬೀಳ್ತದೆ. ನಾಳೆ ಬಾ, ಮಂಗಳವಾರ ಬಾ, ಯಾವತ್ತಾದ್ರೂ ನಿಲ್ಸಿ ತೋರುಸ್ತೀನಿ." ಚೀಲದಿಂದ ಗಡಿಯಾರ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. "ಹೊತ್ತು ಗೊತ್ತಿರೋದು ಇದ್ಕೆ. ಮತ್ತೆ ನಮ್ ಮೇಷ್ಟ್ರಿಗೆ. ಒನಕೆ ಬಿದ್ದಾಗ ಗ್ರಾಣ ಬುಟ್ಟಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ನನ್ ಸೊಸೆಗೆ ಉಣ್ಣುಕ್ಕಿಕ್ದೆ. ಉಂಡವ್ಳೆ, ಚೆಂದಾಗವ್ಳೆ. ಬೈಯೋದಿದ್ರೆ ನನ್ನ ಬೈರಿ."

ಹುಚ್ಚಯ್ಯನ ಮುಖದಲ್ಲಿ ಸಿಟ್ಟು ಬಂತು, ಹೋಯಿತು. ಕೊನೆಗೆ ತೀರಾ ಸಣ್ಣ ದನಿಯಲ್ಲಿ ಕೇಳಿದ: "ಅಲ್ಲಾ... ಈಗ ಬಾಯಲ್ಲಿರೋದ್ನ ಉಗೀಲೋ, ನುಂಗ್ಲೋ?"

"ನುಂಗು!" ಎಂದಳು ಚಾಮುಂಡಮ್ಮ. ಅವನು ಗುಳಕ್ಕನೆ ನುಂಗಿದ. ಯಾರೋ ಕಿಸಕ್ಕನೆ ನಕ್ಕರು, ಅಷ್ಟೇ, ಬೀದಿಗೆ ಬೀದಿಯೇ ನಕ್ಕುಬಿಟ್ಟಿತು. ಎಲ್ಲರ ಬಾಯಲ್ಲೂ ಎಂಜಲಿತ್ತು, ಯಾರು ಯಾರನ್ನು ಬೈಯುವುದು?

ಅದೇ ಹೊತ್ತಿಗೆ ಮೀನಾಳ ಮೊಬೈಲು ಬಡಕೊಂಡಿತು. ಕನ್ಯಾಕುಮಾರಿಯಿಂದ ಚಲುವರಾಜು. ಹಿಂದೆ ಸಮುದ್ರದ ಸದ್ದು, ಜನರ ಗದ್ದಲ. "ಬಳೆ ಕಣೇ ಮೀನಾ, ಬಳೆ! ಇಲ್ಲೊಬ್ರು ಕಪ್ಪು ಕನ್ನಡಕ ಕೊಟ್ರು, ಅದ್ರಲ್ಲಿ ನೋಡ್ದೆ. ಸೂರ್ಯ ಪೂರಾ ಬಳೆ ಆಗೋಗವ್ನೆ!" ಎಂದು ಕಿರುಚಿ, ತಟ್ಟನೆ ದನಿ ತಗ್ಗಿಸಿ, "ನೀನು ಉಂಡ್ಯಾ? ಅವ್ವ ಉಣ್ಣಾಕ್ ಬುಟ್ಲಾ?" ಎಂದ. "ಉಂಡ್ಯಾ ಅಂತಾರೆ, ನೀವೇ ಯೋಳಿ" ಎಂದು ಮೀನಾ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. "ಉಂಡವ್ಳೆ ಕಣ್ಲಾ, ನೀನ್ ನಿನ್ ಬಳೆ ನೋಡ್ಕೊ" ಎಂದು ಚಾಮುಂಡಮ್ಮ ಗದರಿದಳು.

ಶಾಲೆಯಲ್ಲಿ ಒಬ್ಬರೇ ಕೂತಿದ್ದ ಧರ್ಮೇಂದ್ರ ಮೇಷ್ಟ್ರು ಸುದ್ದಿ ತಿಳಿದು ಓಡಿಬಂದರು. ಯಾರದೋ ಮನೆಯ ಜರಡಿ ಇಸಕೊಂಡು ಬಿಸಿಲಿಗೆ ಹಿಡಿದರು. ರಂಗೋಲಿಯ ಮೇಲೆ ನೂರಾರು ತುಂಡು ಸೂರ್ಯ ಬಿದ್ದವು. ಮೇಲೆ ನೋಡಬೇಡಿ, ಕೆಳಗೇ ನೋಡಿ ಎಂದು ಅವರು ಕೂಗುತ್ತಿದ್ದರೆ ಮುದುಕಿಯರೂ ಹೊಸಿಲು ದಾಟಿ ಬಂದು ಬಗ್ಗಿ ನೋಡಿದರು. ಎಲ್ಲರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾಲಿನ ಚಾಮುಂಡಮ್ಮ ಆಮೇಲೆ ಒಂದು ತಿಂಗಳು ಇವಳ ಜೊತೆ ಮಾತು ಬಿಟ್ಟಳು. ಹಾಲು ಮಾತ್ರ ತಪ್ಪದೆ ಕೊಟ್ಟಳು, ಬಸುರಿಗೆ ಬೇಕಲ್ಲ.

ಮೂರು ಗಂಟೆ ದಾಟಿ ತುಂಡು ಸೂರ್ಯಗಳೆಲ್ಲ ಗುಂಡಗಾದವು. ಹುಚ್ಚಯ್ಯ ಜರಡಿ ಬಿಟ್ಟು ಏಳಲೊಲ್ಲ. "ಮೇಷ್ಟ್ರೇ, ನಮ್ ಚಲುವ ನೋಡುದ್ನಂತಲ್ಲ, ಆ ಬಳೆ ನಮ್ ಕಡೆ ಯಾವತ್ತು ಬತ್ತದೆ?" ಎಂದ.

"ಅದೂ ಲೆಕ್ಕ ಆಗೋಗಿದೆ" ಎಂದರು ಮೇಷ್ಟ್ರು. "ಎರಡು ಸಾವಿರದ ಹತ್ತೊಂಬತ್ತು, ಡಿಸೆಂಬರು ಇಪ್ಪತ್ತಾರು. ನೆರಳಿನ ಪಟ್ಟಿ ಆವತ್ತು ಕೊಡಗಿನ ಕುಟ್ಟದ ಮೇಲೆ ಹೋಗ್ತದೆ. ಹುಣಸೂರಿಂದ ಕಾಡು ದಾಟಿದ್ರೆ ಕುಟ್ಟ, ಬಸ್ಸಲ್ಲಿ ಹೋಗಿಬರೋ ದಾರಿ. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಬಳೆ."

ಇನ್ನು ಹತ್ತು ವರ್ಷವೇ ಎಂದು ಜನ ನಕ್ಕು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಚಾಮುಂಡಮ್ಮ ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ ಸೊಸೆಯ ಹೊಟ್ಟೆಯ ಕಡೆ ನೋಡಿದಳು.

"ಮೀನಾ, ಕೇಳುಸ್ಕೊ. ಆವತ್ತಿಗೆ ಇದ್ಕೆ ಒಂಬತ್ತು ತುಂಬಿ ಹತ್ತು ನಡೀತಿರ್ತದೆ. ನಾನ್ ಇರ್ತೀನೋ ಇಲ್ವೋ. ಕುಟ್ಟಕ್ಕೆ ತಪ್ದೆ ಕರ್ಕೊಂಡೋಗು, ಬಳೆ ತೋರ್ಸು. ಒಂಬತ್ತೂವರೆ ಅಂದ್ರೆ ಮಕ್ಳಿಗೆ ಅಸಿವಾಗೋ ಹೊತ್ತು. ಹೊಲ್ಡೋಕೆ ಮುಂಚೆ ಹೊಟ್ಟೆ ತುಂಬ ರೊಟ್ಟಿ ತಿನ್ಸು. ಅಲ್ಲೂ ಕೇಳುದ್ರೆ, ಬಳೆ ಕೆಳ್ಗೇ ಕುಂಡ್ರುಸ್ಕೊಂಡು ಉಣ್ಸು. ಯಾರಾದ್ರೂ ಏನಾದ್ರೂ ಅಂದ್ರೆ, ನಮ್ಮತ್ತೆ ಯೋಳವ್ಳೆ ಅನ್ನು."